ಸಮಾಜವನ್ನು ಕಾಣುವ ಕಣ್ಣು

ಮನುಷ್ಯನು ಸಮಾಜಜೀವಿ ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಸಮಾಜವೆಂದರೇನು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ತಡವರಿಸುತ್ತೇವೆ. ಮರವನ್ನು ತೋರಿಸಬಹುದು, ಮನೆಯನ್ನು ತೋರಿಸಬಹುದು, ಚಾಮುಂಡಿ ಬೆಟ್ಟವನ್ನು ಬೆರಳು ಚಾಚಿ ತೋರಿಸಬಹುದು. ಸಮಾಜವನ್ನು ಹಾಗೆ ತೋರಿಸಲು ಬರುವುದಿಲ್ಲ. ಅದು ಕೈಗೆ ಸಿಕ್ಕುವ ವಸ್ತುವಲ್ಲ. ಹಾಗಿದ್ದರೂ ನಾವು ಆಡುವ ನುಡಿ, ಉಣ್ಣುವ ಆಹಾರ, ಉಡುವ ಬಟ್ಟೆ, ಹಿರಿಯರ ಮುಂದೆ ನಿಲ್ಲುವ ರೀತಿ, ಮದುವೆಯ ಕಟ್ಟಳೆ, ಸತ್ತವರಿಗೆ ಸಲ್ಲಿಸುವ ಸಂಸ್ಕಾರ ಇವೆಲ್ಲವೂ ನಮಗೆ ಸಮಾಜದಿಂದಲೇ ಬಂದವು. ಕಣ್ಣಿಗೆ ಕಾಣದಿದ್ದರೂ ನಮ್ಮ ಬದುಕನ್ನೆಲ್ಲ ಆವರಿಸಿರುವ ಈ ಸಮಾಜವನ್ನು ಕ್ರಮವರಿತು ಅಧ್ಯಯನ ಮಾಡುವ ಶಾಸ್ತ್ರವೇ ಸಮಾಜಶಾಸ್ತ್ರ.

ಈ ಶಾಸ್ತ್ರವನ್ನು ಕಲಿಯುವವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಗುತ್ತದೆ. ಖಗೋಳಶಾಸ್ತ್ರವನ್ನು ಕಲಿಯುವವನಿಗೆ ನಕ್ಷತ್ರಗಳು ಬಹು ದೂರದಲ್ಲಿವೆ ಎಂಬುದೇ ಕಷ್ಟ. ಸಮಾಜಶಾಸ್ತ್ರವನ್ನು ಕಲಿಯುವವನಿಗೆ ವಿಷಯವು ತೀರ ಹತ್ತಿರದಲ್ಲಿದೆ ಎಂಬುದೇ ಕಷ್ಟ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಕೈಗೆಟುಕುವಷ್ಟು ಸಮೀಪದಲ್ಲಿ ಬೆಳೆದ ಗಿಡದ ಗುಣವನ್ನು ನಾವು ಅರಿಯಲು ಹೋಗುವುದಿಲ್ಲ. ದಿನವೂ ಕಣ್ಣಿಗೆ ಬೀಳುವುದರ ವಿಷಯದಲ್ಲಿ ‘ಇದು ಮೊದಲಿನಿಂದಲೂ ಹೀಗೆಯೇ ಇದೆ’ ಎಂದುಕೊಂಡು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗದೆ, ಇದು ಏಕೆ ಹೀಗಿದೆ, ಎಂದಿನಿಂದ ಹೀಗಿದೆ, ಇದರಿಂದ ಯಾರಿಗೆ ಏನಾಗುತ್ತಿದೆ ಎಂದು ಕೇಳುವುದೇ ಸಮಾಜಶಾಸ್ತ್ರದ ಮೊದಲ ಪಾಠ.

ಉದಾಹರಣೆಗೆ ಮೈಸೂರಿನ ಕುವೆಂಪುನಗರವನ್ನೇ ತೆಗೆದುಕೊಳ್ಳೋಣ. ರಾಷ್ಟ್ರಕವಿಯ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಬೆಳಗಿನ ಹೊತ್ತು ಒಂದು ಗಂಟೆಯ ಕಾಲ ಎಚ್ಚರದಿಂದ ನೋಡುತ್ತ ನಿಂತರೆ ಎಷ್ಟೋ ವಿಷಯಗಳು ತಿಳಿಯುತ್ತವೆ. ಬೆಳಕು ಹರಿಯುವ ಮೊದಲೇ ಹಾಲಿನ ಮಳಿಗೆಯ ಮುಂದೆ ಜನ ನೆರೆಯುತ್ತಾರೆ. ಪತ್ರಿಕೆ ಹಂಚುವ ಹುಡುಗನು ಸೈಕಲ್ಲಿನಿಂದ ಇಳಿಯದೆಯೇ ಪತ್ರಿಕೆಯನ್ನು ಅಂಗಳಕ್ಕೆ ಎಸೆದು ಮುಂದೆ ಸಾಗುತ್ತಾನೆ. ಗೃಹಿಣಿಯರು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಾರೆ. ಪೌರಕಾರ್ಮಿಕರು ಬೀದಿಯನ್ನು ಗುಡಿಸಿ ಕಸವನ್ನು ಗಾಡಿಗೆ ತುಂಬುತ್ತಾರೆ. ತಳ್ಳುಗಾಡಿಯಲ್ಲಿ ಸೊಪ್ಪು ತರಕಾರಿಗಳು ಬರುತ್ತವೆ. ನಿವೃತ್ತರಾದ ಹಿರಿಯರು ಉದ್ಯಾನದಲ್ಲಿ ಜೊತೆಜೊತೆಯಾಗಿ ನಡೆಯುತ್ತಾರೆ. ಮನೆಗೆಲಸದ ಹೆಂಗಸರು ಬೇರೆ ಬಡಾವಣೆಗಳಿಂದ ನಡೆದೋ ಬಸ್ಸು ಹಿಡಿದೋ ಬಂದು ಒಂದೊಂದು ಮನೆಯ ಗೇಟು ತೆರೆಯುತ್ತಾರೆ. ಅಷ್ಟು ಹೊತ್ತಿಗೆ ಶಾಲೆಗೆ ಹೊರಟ ಮಕ್ಕಳ ಸದ್ದು ಬೀದಿಯನ್ನು ತುಂಬುತ್ತದೆ.

ಇವರಲ್ಲಿ ಎಷ್ಟೋ ಜನಕ್ಕೆ ಒಬ್ಬರ ಹೆಸರು ಮತ್ತೊಬ್ಬರಿಗೆ ತಿಳಿಯದು. ಆದರೂ ಯಾರು ಯಾವಾಗ ಏನು ಮಾಡುವರೆಂಬುದು ಎಲ್ಲರಿಗೂ ಗೊತ್ತು. ಒಬ್ಬರು ತಪ್ಪಿದರೂ ಉಳಿದವರ ದಿನಚರಿ ಏರುಪೇರಾಗುತ್ತದೆ. ಮನೆಗಳು, ರಸ್ತೆಗಳು, ಜನರ ಗುಂಪು ಇವಷ್ಟರಿಂದಲೇ ಸಮಾಜವಾಗುವುದಿಲ್ಲ. ಒಬ್ಬರು ಇನ್ನೊಬ್ಬರನ್ನು ಲೆಕ್ಕಕ್ಕೆ ತೆಗೆದುಕೊಂಡು ನಡೆಯುವುದರಿಂದ ಉಂಟಾಗುವ ಸಂಬಂಧಗಳ ಹೆಣಿಗೆಯೇ ಸಮಾಜ. ಬುಟ್ಟಿಯಲ್ಲಿ ಬಿದಿರಿನ ಸೀಳುಗಳಿರುತ್ತವೆ. ಆದರೆ ಸೀಳುಗಳ ರಾಶಿ ಬುಟ್ಟಿಯಲ್ಲ. ಹೆಣೆದ ಬಗೆಯಿಂದ ಅದು ಬುಟ್ಟಿಯಾಗುತ್ತದೆ.

ಈ ಹೆಣಿಗೆಯನ್ನು ವಿವರಿಸಲು ಸಮಾಜಶಾಸ್ತ್ರಜ್ಞರು ಕೆಲವು ಪರಿಕಲ್ಪನೆಗಳನ್ನು ಬಳಸುತ್ತಾರೆ. ಅವುಗಳಲ್ಲಿ ಮೊದಲನೆಯವು ‘ಅಂತಸ್ತು’ ಮತ್ತು ‘ಪಾತ್ರ’. ಒಬ್ಬ ಮಹಿಳೆಯು ಅತ್ತೆಗೆ ಸೊಸೆ, ಮಗನಿಗೆ ತಾಯಿ, ತರಕಾರಿಯವನಿಗೆ ‘ಅಕ್ಕ’, ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಸಮಾಜದಲ್ಲಿ ಆಕೆಗಿರುವ ಈ ಒಂದೊಂದು ಸ್ಥಾನವೂ ಒಂದೊಂದು ಅಂತಸ್ತು. ಆ ಸ್ಥಾನದಲ್ಲಿರುವವರು ಹೀಗೆ ನಡೆಯಬೇಕೆಂಬ ನಿರೀಕ್ಷೆಯೇ ಪಾತ್ರ. ಮಗನಿಗೆ ಜ್ವರ ಬಂದ ದಿನವೇ ಶಾಲೆಯಲ್ಲಿ ಪರೀಕ್ಷೆಯಿದ್ದರೆ ಆಕೆಯ ಎರಡು ಪಾತ್ರಗಳು ಪರಸ್ಪರ ಎದುರಾಗುತ್ತವೆ. ಇದನ್ನು ಪಾತ್ರಸಂಘರ್ಷವೆನ್ನುತ್ತಾರೆ. ಅಂತಸ್ತುಗಳಲ್ಲಿ ಎರಡು ಬಗೆ. ಮುಖ್ಯೋಪಾಧ್ಯಾಯಿನಿ ಎಂಬುದು ಓದಿ, ದುಡಿದು ಗಳಿಸಿದ ಸ್ಥಾನ. ಅದು ಸಾಧಿತ ಅಂತಸ್ತು. ಇಂಥ ಮನೆಯಲ್ಲಿ, ಇಂಥ ಜಾತಿಯಲ್ಲಿ ಹುಟ್ಟಿದವಳು ಎಂಬುದು ಕೇಳದೆ ಬಂದ ಸ್ಥಾನ. ಅದು ಜನ್ಮದತ್ತ ಅಂತಸ್ತು. ಒಂದು ಸಮಾಜವನ್ನು ಅಳೆಯಬೇಕಾದರೆ ಅಲ್ಲಿ ಗಳಿಸಿದುದಕ್ಕೆ ಎಷ್ಟು ಬೆಲೆಯಿದೆ, ಹುಟ್ಟಿನಿಂದ ಬಂದುದಕ್ಕೆ ಎಷ್ಟು ಬೆಲೆಯಿದೆ ಎಂದು ನೋಡಬೇಕು.

ಎರಡನೆಯದು ‘ರೂಢಿ’. ಹಿರಿಯರು ಬಂದಾಗ ನಾವು ಎದ್ದು ನಿಲ್ಲುತ್ತೇವೆ. ಹಾಗೆ ನಿಲ್ಲದವರನ್ನು ಪೊಲೀಸರು ಹಿಡಿಯುವುದಿಲ್ಲ. ಆದರೆ ಮನೆಯವರು ಗದರಿಸುತ್ತಾರೆ, ಬಂದವರು ಮನಸ್ಸಿನಲ್ಲಿ ಏನೋ ಅಂದುಕೊಳ್ಳುತ್ತಾರೆ. ಬರೆದಿಡದ ಇಂಥ ಕಟ್ಟಳೆಗಳು ಬರೆದ ಕಾನೂನಿಗಿಂತ ಎಷ್ಟೋ ಸಲ ಬಲವಾಗಿರುತ್ತವೆ. ಭಾರತದ ಸಂವಿಧಾನವು ೧೯೫೦ರ ಜನವರಿ ೨೬ರಂದು ಜಾರಿಗೆ ಬಂದಾಗ ಅದರ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ೧೯೫೫ರಲ್ಲಿ ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾನೂನೂ ಬಂದಿತು. ಆದರೆ ಕಾನೂನು ಒಂದು ದಿನದಲ್ಲಿ ಬದಲಾಗುವಂತೆ ರೂಢಿಯು ಒಂದು ದಿನದಲ್ಲಿ ಬದಲಾಗಲಿಲ್ಲ. ಕಾನೂನಿಗೂ ರೂಢಿಗೂ ಇರುವ ಈ ಅಂತರವು ಸಮಾಜಶಾಸ್ತ್ರವು ಪದೇ ಪದೇ ಹಿಂತಿರುಗಿ ನೋಡುವ ವಿಷಯ.

ಮೂರನೆಯದು ‘ಸಂಸ್ಥೆ’. ದಿನಬಳಕೆಯ ಮಾತಿನಲ್ಲಿ ಸಂಸ್ಥೆಯೆಂದರೆ ಕಟ್ಟಡವೂ ಕಚೇರಿಯೂ ಇರುವ ಒಂದು ಏರ್ಪಾಡು. ಸಮಾಜಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಕುಟುಂಬ, ವಿವಾಹ, ಆಸ್ತಿ, ಧರ್ಮ, ಶಿಕ್ಷಣ ಮುಂತಾಗಿ, ಒಂದು ಮುಖ್ಯವಾದ ಅಗತ್ಯದ ಸುತ್ತಲೂ ಬೆಳೆದು ನಿಂತ ರೂಢಿಗಳ ಸಮೂಹವನ್ನು ಸಂಸ್ಥೆ ಎನ್ನುತ್ತಾರೆ. ನಮ್ಮ ಶಾಲೆಯು ಒಂದು ದಿನ ಮುಚ್ಚಿಹೋಗಬಹುದು. ಶಿಕ್ಷಣವೆಂಬ ಸಂಸ್ಥೆಯು ಉಳಿಯುತ್ತದೆ.

ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು, ‘ಸಾಮಾಜೀಕರಣ’. ಹುಟ್ಟಿದ ಕೂಸಿಗೆ ಭಾಷೆಯಿಲ್ಲ, ಜಾತಿಯ ಅರಿವಿಲ್ಲ, ತನ್ನವರು ಪರರು ಎಂಬ ಭೇದವೂ ಇಲ್ಲ. ತಾಯಿಯ ಮಡಿಲಿನಲ್ಲಿ, ಓರಗೆಯವರ ಆಟದಲ್ಲಿ, ಶಾಲೆಯ ಪಾಠದಲ್ಲಿ ಅದು ಒಂದೊಂದಾಗಿ ಇವುಗಳನ್ನು ಕಲಿಯುತ್ತದೆ. ಹೀಗೆ ಕೂಸು ಸಮಾಜದ ಸದಸ್ಯನಾಗುವ ಕ್ರಿಯೆಯೇ ಸಾಮಾಜೀಕರಣ. ಪ್ರತಿಯೊಂದು ಮಗುವೂ ಹುಟ್ಟುವಾಗ ವಿಶ್ವಮಾನವನೇ, ಬೆಳೆಯುತ್ತ ಬೆಳೆಯುತ್ತ ನಾವೇ ಅದನ್ನು ಜಾತಿ ಮತ ದೇಶಗಳ ಬೇಲಿಯೊಳಗೆ ಕೂಡಿಹಾಕುತ್ತೇವೆ ಎಂಬುದು ಕುವೆಂಪು ಅವರ ವಿಚಾರ. ಕವಿಯ ದರ್ಶನವಾದ ಈ ಮಾತನ್ನು ಸಮಾಜಶಾಸ್ತ್ರಜ್ಞನು ಬೇರೆ ದಾರಿಯಲ್ಲಿ ಬಂದು ಒಪ್ಪುತ್ತಾನೆ. ಭೇದವು ರಕ್ತದಲ್ಲಿ ಬರುವುದಿಲ್ಲ, ಕಲಿಕೆಯಿಂದ ಬರುತ್ತದೆ ಎಂಬುದೇ ಇಬ್ಬರೂ ಮುಟ್ಟುವ ನೆಲೆ.

ಇನ್ನು ಈ ಶಾಸ್ತ್ರವು ಬೆಳೆದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಹಳೆಯ ಅರಸೊತ್ತಿಗೆಗಳು ಅಲುಗಾಡಿದವು, ಕಾರ್ಖಾನೆಗಳು ತಲೆಯೆತ್ತಿದವು, ಹಳ್ಳಿಯ ಜನ ನಗರಗಳಿಗೆ ಹರಿದುಬಂದರು. ಹಳೆಯ ಕಟ್ಟು ಸಡಿಲಿದಾಗ ಸಮಾಜವು ಯಾವುದರ ಬಲದಿಂದ ನಿಂತಿದೆ ಎಂಬ ಪ್ರಶ್ನೆ ಹುಟ್ಟಿತು. ಫ್ರಾನ್ಸಿನ ಆಗಸ್ಟ್ ಕಾಂಟನು ಈ ಹೊಸ ಶಾಸ್ತ್ರಕ್ಕೆ ಹೆಸರಿಟ್ಟನು. ಭಾರತದಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ೧೯೧೯ರಲ್ಲಿ ಸಮಾಜಶಾಸ್ತ್ರದ ವಿಭಾಗವನ್ನು ತೆರೆಯಿತು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ೧೯೨೮ರಲ್ಲಿಯೇ ಪದವಿ ತರಗತಿಗಳಲ್ಲಿ ಈ ವಿಷಯಕ್ಕೆ ಸ್ಥಾನ ಕೊಟ್ಟಿತು.

ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ ವರ್ಷದಲ್ಲಿಯೇ, ಅಂದರೆ ೧೯೧೬ರ ನವೆಂಬರ್ ೧೬ರಂದು, ಮೈಸೂರಿನಲ್ಲಿ ಹುಟ್ಟಿದವರು ಎಂ. ಎನ್. ಶ್ರೀನಿವಾಸ್. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಶಿಷ್ಯರಾಗಿ, ಅನಂತರ ಆಕ್ಸ್‌ಫರ್ಡಿನಲ್ಲಿ ಅಧ್ಯಯನ ಮಾಡಿದ ಅವರು ಜಗತ್ತೇ ಗೌರವಿಸುವ ಸಮಾಜಶಾಸ್ತ್ರಜ್ಞರಾದರು. ಅವರು ಬೆಳೆದ ಮನೆ ಮೈಸೂರಿನ ಕಾಲೇಜು ರಸ್ತೆಯಲ್ಲಿತ್ತು. ಮನೆಯ ಹಿಂದುಗಡೆಯೇ ಹಳ್ಳಿಯಿಂದ ಬಂದು ನೆಲೆಸಿದ ಕುರುಬರ ಬಂಡಿಕೇರಿ. ಬ್ರಾಹ್ಮಣರ ಮನೆಯ ಹುಡುಗನಾದ ತನಗೆ ಹಿತ್ತಲ ಗೋಡೆಯಿಂದ ಕೆಲವೇ ಗಜಗಳ ಆಚೆಗಿದ್ದ ಆ ಕೇರಿಯು ಬೇರೊಂದು ಲೋಕದಂತೆ ಕಂಡಿತು ಎಂಬುದನ್ನು ಅವರು ಮುಂದೆ ನೆನೆದಿದ್ದಾರೆ. ಅಲ್ಲಿಯ ಊಟ, ಉಡುಗೆ, ಮಾತು, ಕೆಲಸ ಎಲ್ಲವೂ ಬೇರೆ. ಎಲ್ಲರ ಮನೆಯ ಹಿತ್ತಲಿನಾಚೆಗೂ ಒಂದೊಂದು ಬಂಡಿಕೇರಿಯಿರುತ್ತದೆ. ಅದನ್ನು ನೋಡಿ ಬೆರಗಾಗುವವರು ವಿರಳ.

ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸಮಾಡಿ ಅಲ್ಲಿಯ ಜೀವನವನ್ನು ಅಧ್ಯಯನ ಮಾಡಿದರು. ತಮ್ಮ ಬರಹಗಳಲ್ಲಿ ಆ ಹಳ್ಳಿಗೆ ‘ರಾಂಪುರ’ ಎಂಬ ಹೆಸರನ್ನು ಕೊಟ್ಟರು. ಗ್ರಂಥಗಳಲ್ಲಿ ಓದಿದ ನಾಲ್ಕು ವರ್ಣಗಳ ಚಿತ್ರಕ್ಕೂ ಹಳ್ಳಿಯಲ್ಲಿ ಕಂಡ ಜಾತಿಯ ಬದುಕಿಗೂ ಬಹಳ ಅಂತರವಿತ್ತು. ಆದುದರಿಂದ ಕೇಳಿದ್ದನ್ನು ನಂಬುವ ಬದಲು ಇದ್ದು ನೋಡಬೇಕು ಎಂಬ ಕ್ಷೇತ್ರಕಾರ್ಯದ ಮಾರ್ಗವನ್ನು ಅವರು ಎತ್ತಿ ಹಿಡಿದರು. ೧೯೭೦ರ ಏಪ್ರಿಲ್ ತಿಂಗಳಿನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಅಧ್ಯಯನ ಕೇಂದ್ರಕ್ಕೆ ಬೆಂಕಿಯಿಟ್ಟರು. ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಬೂದಿಯಾದವು. ಎದೆಗುಂದದೆ ಅವರು ನೆನಪನ್ನೇ ಆಧಾರವಾಗಿ ಹಿಡಿದು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಗ್ರಂಥವು ೧೯೭೬ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು.

ಜನಸಂಖ್ಯೆ, ಭೂಮಿ, ಸ್ಥಾನಮಾನ ಇವುಗಳ ಬಲದಿಂದ ಊರಿನ ವ್ಯವಹಾರಗಳನ್ನು ತನ್ನ ಕೈಯಲ್ಲಿಟ್ಟುಕೊಂಡ ಜಾತಿಯನ್ನು ಅವರು ‘ಪ್ರಬಲ ಜಾತಿ’ ಎಂದರು. ಕೆಳಗಿನ ಸ್ಥಾನದಲ್ಲಿರುವ ಜಾತಿಯೊಂದು ಮೇಲಿನವರ ಆಚಾರಗಳನ್ನು ಅನುಸರಿಸಿ, ಕ್ರಮೇಣ ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವುದನ್ನು ‘ಸಂಸ್ಕೃತೀಕರಣ’ ಎಂದರು. ಕೊಡಗಿನ ಜನರನ್ನು ಕುರಿತು ೧೯೫೨ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ಪರಿಕಲ್ಪನೆಯ ವಿವರಣೆಯಿದೆ. ಇಂದು ಪತ್ರಿಕೆಗಳಲ್ಲಿ ದಿನವೂ ಓದುವ ‘ವೋಟ್ ಬ್ಯಾಂಕ್’ ಎಂಬ ಮಾತು ಕೂಡ ಅವರು ೧೯೫೫ರಲ್ಲಿ ಮೈಸೂರು ಸೀಮೆಯ ಹಳ್ಳಿಯನ್ನು ಕುರಿತು ಬರೆದ ಲೇಖನದಿಂದ ಬಂದುದು.

ಇದ್ದು ನೋಡಿದರೆ ಸಾಕೆ? ನೋಡಿದ್ದನ್ನು ಅರ್ಥಮಾಡಿಕೊಳ್ಳುವುದಕ್ಕೆ ಒಂದು ದೃಷ್ಟಿಯೂ ಬೇಕು. ಸಮಾಜಶಾಸ್ತ್ರದಲ್ಲಿ ಮುಖ್ಯವಾಗಿ ಮೂರು ದೃಷ್ಟಿಗಳಿವೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿದ್ದ ಆಯಗಾರ ಪದ್ಧತಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇವುಗಳನ್ನು ಪರಿಶೀಲಿಸೋಣ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ ಮುಂತಾದವರು ವರ್ಷವಿಡೀ ಊರಿನ ಕೆಲಸ ಮಾಡುತ್ತಿದ್ದರು. ಸುಗ್ಗಿಯ ಕಾಲದಲ್ಲಿ ರೈತರು ತಮ್ಮ ಕಣದಲ್ಲಿ ಅವರಿಗೆ ಧಾನ್ಯದ ಪಾಲನ್ನು ಅಳೆದು ಕೊಡುತ್ತಿದ್ದರು. ಆ ಪಾಲೇ ಆಯ.

ಮೊದಲನೆಯದು ಕಾರ್ಯಾತ್ಮಕ ದೃಷ್ಟಿ. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ (೧೮೫೮–೧೯೧೭) ಇದರ ಹಿರಿಯ ಪ್ರತಿಪಾದಕ. ದೇಹದಲ್ಲಿ ಹೃದಯ, ಶ್ವಾಸಕೋಶ, ಜಠರಗಳು ತಮ್ಮ ತಮ್ಮ ಕೆಲಸವನ್ನು ಮಾಡುತ್ತ ದೇಹವನ್ನು ಉಳಿಸುವಂತೆ, ಸಮಾಜದ ಒಂದೊಂದು ಅಂಗವೂ ಇಡಿಯ ಸಮಾಜವನ್ನು ನಿಲ್ಲಿಸಲು ಏನಾದರೊಂದು ಕಾರ್ಯವನ್ನು ನಡೆಸುತ್ತದೆ ಎಂಬುದು ಈ ದೃಷ್ಟಿಯ ಸಾರ. ಕೆಲಸಗಳು ಹಂಚಿಹೋದಾಗ ಜನರು ಒಬ್ಬರನ್ನೊಬ್ಬರು ಆಶ್ರಯಿಸಲೇಬೇಕಾಗುತ್ತದೆ. ಈ ಪರಸ್ಪರ ಅವಲಂಬನೆಯಿಂದಲೇ ಸಮಾಜವು ಒಗ್ಗಟ್ಟಾಗಿ ನಿಲ್ಲುತ್ತದೆ ಎಂದು ಡರ್ಕ್‌ಹೈಮ್ ೧೮೯೩ರ ತನ್ನ ಗ್ರಂಥದಲ್ಲಿ ವಾದಿಸಿದನು. ಈ ಕಣ್ಣಿನಿಂದ ನೋಡಿದರೆ ಆಯಗಾರ ಪದ್ಧತಿಯು ಒಂದು ಸೊಗಸಾದ ಏರ್ಪಾಡು. ರೈತನಿಗೆ ನೇಗಿಲು ಬೇಕು, ಬಡಗಿಗೆ ಧಾನ್ಯ ಬೇಕು. ಯಾರೂ ಯಾರನ್ನೂ ಬಿಟ್ಟು ಬದುಕಲಾರರು.

ಎರಡನೆಯದು ಸಂಘರ್ಷ ದೃಷ್ಟಿ. ಜರ್ಮನಿಯಲ್ಲಿ ಹುಟ್ಟಿದ ಕಾರ್ಲ್ ಮಾರ್ಕ್ಸ್ (೧೮೧೮–೧೮೮೩) ಇದರ ಮೂಲಪುರುಷ. ಉತ್ಪಾದನೆಯ ಸಾಧನಗಳು ಯಾರ ಕೈಯಲ್ಲಿವೆ, ದುಡಿಯುವವರು ಯಾರು, ಫಲವನ್ನು ಉಣ್ಣುವವರು ಯಾರು ಎಂಬುದೇ ಇಲ್ಲಿಯ ಪ್ರಶ್ನೆ. ಇದೇ ಕಣವನ್ನು ಈ ಕಣ್ಣಿನಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಅಳೆಯುವವನ ಕೈ ಮೇಲಿದೆ. ಸೆರಗೊಡ್ಡಿ ಪಡೆಯುವವರ ಕೈ ಕೆಳಗಿದೆ. ಭೂಮಿ ಯಾರದೋ ಅವರದೇ ಮಾತು. ಕುಂಬಾರನ ಮಗ ಕುಂಬಾರನೇ ಆಗಬೇಕು; ಸತ್ತ ದನವನ್ನು ಎಳೆಯುವವರ ಮಗ ಅದನ್ನೇ ಮಾಡಬೇಕು. ಡಾ. ಬಿ. ಆರ್. ಅಂಬೇಡ್ಕರ್ ಅವರು ೧೯೧೬ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ, ತಮ್ಮ ಗುಂಪಿನೊಳಗೇ ಮದುವೆಯಾಗಬೇಕೆಂಬ ಕಟ್ಟಳೆಯೇ ಜಾತಿಯ ಜೀವಾಳವೆಂದು ತೋರಿಸಿದರು. ೧೯೩೬ರಲ್ಲಿ ಅವರು ಇನ್ನೂ ಮುಂದೆ ಹೋಗಿ, ಜಾತಿಯು ಕೇವಲ ಕೆಲಸಗಳನ್ನು ಹಂಚುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಬೇರ್ಪಡಿಸಿ ಮೇಲುಕೀಳಾಗಿ ನಿಲ್ಲಿಸುತ್ತದೆ ಎಂದು ವಾದಿಸಿದರು. ಕಾರ್ಯಾತ್ಮಕ ದೃಷ್ಟಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆಯಿಲ್ಲ. ಒಂದು ಏರ್ಪಾಡು ಸುಸೂತ್ರವಾಗಿ ನಡೆಯುತ್ತಿದೆ ಎಂದ ಮಾತ್ರಕ್ಕೆ ಅದು ನ್ಯಾಯವಾದುದು ಎಂದು ಹೇಳಬಹುದೆ?

ಕರ್ನಾಟಕದ ಇತಿಹಾಸದಲ್ಲಿಯೇ ಈ ಪ್ರಶ್ನೆ ಎದ್ದುನಿಂತ ಸಂದರ್ಭಗಳಿವೆ. ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ವಿವಾದದ ಮೂಲ. ಒಡೆಯರ ಕಣ್ಣಿಗೆ ಅದು ಒಂದು ಪಾತ್ರೆ. ಉಳುವವರ ಕಣ್ಣಿಗೆ ಅದು ಅನ್ಯಾಯದ ಅಳತೆ. ದೇವರಾಜ ಅರಸು ಅವರ ಕಾಲದಲ್ಲಿ, ೧೯೭೪ರಲ್ಲಿ, ಜಾರಿಗೆ ಬಂದ ಭೂಸುಧಾರಣಾ ಕಾನೂನು ಗೇಣಿಪದ್ಧತಿಯನ್ನು ಕೊನೆಗಾಣಿಸಿ ಉಳುವವನಿಗೆ ಒಡೆತನ ಕೊಡಲು ಹೊರಟಿತು. ಅದೇ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯನ್ನು ನಿಷೇಧಿಸಿದರು. ಅದುವರೆಗೆ ‘ಅದು ಅವರ ಕೆಲಸ’ ಎಂದು ಎಲ್ಲರೂ ಸುಮ್ಮನಿದ್ದರು. ಮನುಷ್ಯರು ಕಟ್ಟಿದ ಕಟ್ಟಳೆಯನ್ನು ಮನುಷ್ಯರೇ ಬಿಚ್ಚಬಲ್ಲರೆಂಬುದಕ್ಕೆ ಇವು ನಿದರ್ಶನಗಳು.

ಮೂರನೆಯದು ಸಾಂಕೇತಿಕ ಅಂತಃಕ್ರಿಯೆಯ ದೃಷ್ಟಿ. ಹೆಸರು ಉದ್ದವಾದರೂ ವಿಷಯ ಸರಳವಾದುದು. ಮನುಷ್ಯರು ವಸ್ತುಗಳೊಡನೆ ಬದುಕುವುದಿಲ್ಲ, ವಸ್ತುಗಳಿಗೆ ತಾವು ಕೊಟ್ಟ ಅರ್ಥಗಳೊಡನೆ ಬದುಕುತ್ತಾರೆ. ಅಮೆರಿಕದ ಜಾರ್ಜ್ ಹರ್ಬರ್ಟ್ ಮೀಡ್ (೧೮೬೩–೧೯೩೧) ಈ ವಿಚಾರವನ್ನು ಬೆಳೆಸಿದವರಲ್ಲಿ ಪ್ರಮುಖನು. ‘ನಾನು’ ಎಂಬ ಭಾವವೂ ಇತರರು ನಮ್ಮನ್ನು ಕಾಣುವ ರೀತಿಯಿಂದಲೇ ರೂಪುಗೊಳ್ಳುತ್ತದೆ ಎಂದು ಅವನು ತಿಳಿಸಿದನು.

ಇದನ್ನು ಅರಿಯಲು ಹಳ್ಳಿಗೆ ಹೋಗಬೇಕಾಗಿಲ್ಲ. ಆಗ ಹೇಳಿದ ಬಡಾವಣೆಯ ಬೆಳಗಿಗೇ ಮರಳೋಣ. ಮನೆಗೆಲಸದ ಹೆಂಗಸು ಪಾತ್ರೆ ತೊಳೆದು ಮುಗಿಸಿದ ಮೇಲೆ ಮನೆಯ ಯಜಮಾನಿ ಅವಳಿಗೆ ಬಿಸಿ ಕಾಫಿ ಕೊಡುತ್ತಾಳೆ, ಕಷ್ಟಸುಖ ವಿಚಾರಿಸುತ್ತಾಳೆ, ಹಬ್ಬಕ್ಕೆ ಸೀರೆಯನ್ನೂ ಕೊಡುತ್ತಾಳೆ. ಇದು ಒಳ್ಳೆಯತನವೇ ಹೌದು. ಆದರೆ ಕೆಲವು ಮನೆಗಳಲ್ಲಿ ಆ ಕಾಫಿಯ ಲೋಟ ಬೇರೆಯಾಗಿರುತ್ತದೆ. ಅದು ಒಳಗಿನ ಗೂಡಿನಲ್ಲಿರುವುದಿಲ್ಲ. ಹಿತ್ತಲ ಬಾಗಿಲ ಬಳಿ, ಕಿಟಕಿಯ ಮೂಲೆಯಲ್ಲಿ ಬೋರಲಾಗಿರುತ್ತದೆ. ಮನೆಯ ಪಾತ್ರೆಗಳನ್ನೆಲ್ಲ ತೊಳೆಯುವ ಕೈಗೆ ಆ ಪಾತ್ರೆಗಳಲ್ಲಿ ಒಂದು ಗುಟುಕು ಕುಡಿಯುವ ಅಧಿಕಾರವಿಲ್ಲ. ಈ ವಿಷಯದಲ್ಲಿ ಯಾರೂ ಒಂದು ಮಾತನ್ನೂ ಆಡಿರುವುದಿಲ್ಲ. ಹಾಗಿದ್ದರೂ ಲೋಟವು ಮಾತನಾಡುತ್ತದೆ. ಕೊಡುವವಳಿಗೂ ಅದರ ಅರ್ಥ ತಿಳಿದಿದೆ, ಪಡೆಯುವವಳಿಗೂ ತಿಳಿದಿದೆ.

ಈ ಒಂದು ಲೋಟವನ್ನು ಮೂರು ದೃಷ್ಟಿಗಳಿಂದಲೂ ನೋಡಬಹುದು. ಮನೆಗೆಲಸವೆಂಬ ಏರ್ಪಾಡಿನಿಂದ ಒಬ್ಬರಿಗೆ ಬಿಡುವೂ ಇನ್ನೊಬ್ಬರಿಗೆ ಜೀವನೋಪಾಯವೂ ದೊರೆಯಿತು ಎಂದು ಮೊದಲನೆಯ ದೃಷ್ಟಿ ಹೇಳುತ್ತದೆ. ಆ ಕೆಲಸಕ್ಕೆ ಸಲ್ಲುವ ಕೂಲಿ ಎಷ್ಟು, ರಜೆ ಉಂಟೆ, ಕಾಯಿಲೆ ಬಿದ್ದರೆ ಗತಿಯೇನು, ಬೀದಿ ಗುಡಿಸುವವರೂ ಪಾತ್ರೆ ತೊಳೆಯುವವರೂ ಹೆಚ್ಚಾಗಿ ಯಾವ ಜನವರ್ಗಗಳಿಂದ ಬಂದವರು, ಅದು ಏಕೆ ಎಂದು ಎರಡನೆಯ ದೃಷ್ಟಿ ಕೇಳುತ್ತದೆ. ಲೋಟವನ್ನು ಬೇರೆ ಇಟ್ಟುದರಿಂದ ಆ ಹೆಂಗಸಿನ ಮನಸ್ಸಿನಲ್ಲಿ ತನ್ನನ್ನು ಕುರಿತು ಯಾವ ಚಿತ್ರ ಮೂಡುತ್ತದೆ ಎಂದು ಮೂರನೆಯ ದೃಷ್ಟಿ ಕೇಳುತ್ತದೆ. ಮೂರರಲ್ಲಿ ಯಾವುದೊಂದನ್ನು ಬಿಟ್ಟರೂ ನಮ್ಮ ತಿಳಿವಳಿಕೆ ಅಪೂರ್ಣವಾಗುತ್ತದೆ.

ಅಲ್ಲಿಯೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಹಾಲು ಕುಡಿಯುತ್ತಿರುವ ಮಗುವನ್ನೂ ನಾವು ಮರೆಯಬಾರದು. 'ಎಲ್ಲರೂ ಸಮಾನರು' ಎಂದು ಅದು ಶಾಲೆಯಲ್ಲಿ ಓದುತ್ತದೆ. ಕಿಟಕಿಯ ಮೂಲೆಯ ಲೋಟವನ್ನು ದಿನವೂ ನೋಡುತ್ತದೆ. ಎರಡು ಪಾಠಗಳಲ್ಲಿ ಯಾವುದು ಅದರ ಮನಸ್ಸಿನಲ್ಲಿ ನಿಲ್ಲುತ್ತದೆ? ಯಾರೂ ಹೇಳಿಕೊಡದ ಪಾಠವನ್ನೇ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ. ಸಾಮಾಜೀಕರಣವೆಂದರೆ ಇದೇ.

ದೃಷ್ಟಿಗಳನ್ನು ಅರಿತರೂ ಅವಸರದ ತೀರ್ಮಾನಕ್ಕೆ ಬರಬಾರದು. ಇದಕ್ಕೆ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳ ಅಧ್ಯಯನವೇ ಸಾಕ್ಷಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು ೧೯೫೦ರ ದಶಕದ ನಡುವಿನಲ್ಲಿ ಅಲ್ಲಿದ್ದು ಸಂಶೋಧನೆ ನಡೆಸಿ, ಹಳ್ಳಿಗಳಿಗೆ ‘ವಂಗಲ’, ‘ದಲೇನ’ ಎಂಬ ಕಲ್ಪಿತ ಹೆಸರುಗಳನ್ನಿಟ್ಟು ೧೯೬೨ರಲ್ಲಿ ಗ್ರಂಥ ಪ್ರಕಟಿಸಿದರು. ಕನ್ನಂಬಾಡಿಯ ನೀರು ಕಾಲುವೆಯ ಮೂಲಕ ಒಂದು ಹಳ್ಳಿಯ ಹೊಲಗಳಿಗೆ ಹರಿಯಿತು. ಇನ್ನೊಂದರ ಹೊಲಗಳು ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದವು. ನೀರು ಬಂದ ಹಳ್ಳಿಯೇ ಹೆಚ್ಚು ಬದಲಾಗಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಅಲ್ಲಿ ಜನರು ಕಬ್ಬು ಬೆಳೆದು ಅನುಕೂಲವಂತರಾದರೂ ಬೇಸಾಯದಲ್ಲಿಯೇ ನಿಂತರು. ಜಾತಿಜಾತಿಗಳ ನಡುವಣ ಹಳೆಯ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಬಾರದ ಹಳ್ಳಿಯವರು ಗಾಡಿ ಹೊಡೆದು, ವ್ಯಾಪಾರಕ್ಕೆ ಇಳಿದು, ಮಂಡ್ಯ ಪಟ್ಟಣದಲ್ಲಿ ಕೆಲಸ ಹಿಡಿದು ಹೊರಗಿನ ಲೋಕಕ್ಕೆ ತೆರೆದುಕೊಂಡರು. ಹಳೆಯ ಕಟ್ಟುಗಳು ಅಲ್ಲಿಯೇ ಬೇಗ ಸಡಿಲಿದವು. ಹತ್ತಿರ ಹೋಗಿ ನೋಡದಿದ್ದರೆ ಇದು ತಿಳಿಯುತ್ತಿತ್ತೆ?

ಈ ಶಾಸ್ತ್ರದಿಂದ ನಮಗೆ ದೊರೆಯುವ ಇನ್ನೊಂದು ಪ್ರಯೋಜನವನ್ನು ಅಮೆರಿಕದ ಸಿ. ರೈಟ್ ಮಿಲ್ಸ್ ೧೯೫೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಒಬ್ಬರ ಸ್ವಂತ ಕಷ್ಟವೆಂದು ಕಾಣುವುದು ಎಷ್ಟೋ ವೇಳೆ ಎಲ್ಲರಿಗೂ ಸಂಬಂಧಿಸಿದ ಸಾರ್ವಜನಿಕ ಪ್ರಶ್ನೆಯಾಗಿರುತ್ತದೆ. ಒಂದು ಊರಿನಲ್ಲಿ ಒಬ್ಬ ಹುಡುಗಿ ಏಳನೆಯ ತರಗತಿಗೆ ಓದು ನಿಲ್ಲಿಸಿದರೆ ಅದನ್ನು ಅವಳ ಮನೆಯ ಕಷ್ಟವೆನ್ನಬಹುದು. ವರ್ಷ ವರ್ಷವೂ ಆ ಊರಿನ ಹುಡುಗಿಯರೆಲ್ಲ ಅಲ್ಲಿಗೇ ಓದು ನಿಲ್ಲಿಸಿದರೆ ಅದು ಅವರ ಹಣೆಬರಹವಲ್ಲ. ಪ್ರೌಢಶಾಲೆ ದೂರದಲ್ಲಿದೆ ಎಂಬುದೋ, ಹುಡುಗಿಗೆ ಇಷ್ಟು ಓದು ಸಾಕೆಂಬ ರೂಢಿಯೋ ಅದಕ್ಕೆ ಕಾರಣ. ಕರ್ನಾಟಕ ಸರ್ಕಾರವು ೨೦೦೬–೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಒಂದೊಂದು ಮನೆಯ ಕಷ್ಟವೆಂದು ಕಂಡುದನ್ನು ನಾಡಿನ ಪ್ರಶ್ನೆಯೆಂದು ಒಪ್ಪಿದಂತಾಯಿತು. ಹಣೆಬರಹವೆಂಬ ಮಾತನ್ನು ಆಡುವ ಮುನ್ನ ಕಾರಣವನ್ನು ಹುಡುಕಬೇಕು.

ಸಮಾಜಶಾಸ್ತ್ರವು ಯಾರನ್ನೂ ಹಳಿಯುವುದಕ್ಕಾಗಿ ಹುಟ್ಟಿದ ಶಾಸ್ತ್ರವಲ್ಲ. ಲೋಟವನ್ನು ಬೇರೆಯಾಗಿ ಇಟ್ಟ ತಾಯಿಯೂ ತನ್ನ ತಾಯಿಯಿಂದ ಅದನ್ನು ಕಲಿತವಳೇ. ಆದರೆ ಕಲಿತುದನ್ನು ಮರೆಯಲೂ ಬರುತ್ತದೆ, ಬೇರೆಯದನ್ನು ಕಲಿಯಲೂ ಬರುತ್ತದೆ ಎಂಬುದನ್ನು ಈ ಶಾಸ್ತ್ರವೇ ನಮಗೆ ತಿಳಿಸಿಕೊಡುತ್ತದೆ. ಕುವೆಂಪುನಗರದಲ್ಲಿ ಪಂಚಮಂತ್ರ ರಸ್ತೆ ಎಂಬ ಹೆಸರಿನ ಒಂದು ಬೀದಿಯಿದೆ. ಮನುಜಮತ, ವಿಶ್ವಪಥ, ಸರ್ವೋದಯ, ಸಮನ್ವಯ, ಪೂರ್ಣದೃಷ್ಟಿ ಎಂಬ ಕವಿಯ ಐದು ಮಂತ್ರಗಳ ನೆನಪು ಆ ಹೆಸರಿನಲ್ಲಿದೆ. ಬೀದಿಗೆ ಹೆಸರಿಡುವುದು ಸುಲಭ. ಆ ಬೀದಿಯ ಮನೆಗಳ ಒಳಗೆ ಅದನ್ನು ಆಚರಣೆಗೆ ತರುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಮೊದಲು ಬೇಕಾದುದು ಕಾಣುವ ಕಣ್ಣು. ವಿದ್ಯಾರ್ಥಿಗಳೇ, ನಾಳೆ ಬೆಳಗ್ಗೆ ಶಾಲೆಗೆ ಹೊರಡುವ ಮುನ್ನ ನಿಮ್ಮ ಮನೆಯ ಒಳಗನ್ನೂ ಹಿತ್ತಲನ್ನೂ ಬೀದಿಯನ್ನೂ ಒಮ್ಮೆ ಹೊಸಬರಂತೆ ನೋಡಿರಿ. ‘ಇದು ಏಕೆ ಹೀಗೆ?’ ಎಂದು ಕೇಳಿರಿ. ಉತ್ತರವು ಕೂಡಲೇ ದೊರೆಯದಿದ್ದರೂ ಚಿಂತೆಯಿಲ್ಲ. ಕೇಳುವುದನ್ನು ಮಾತ್ರ ಬಿಡಬೇಡಿರಿ.

ಪದಗಳ ಅರ್ಥ

ಪರಿಕಲ್ಪನೆ – ಒಂದು ವಿಷಯವನ್ನು ಗುರುತಿಸಿ ಹೇಳುವ ಸ್ಪಷ್ಟವಾದ ಭಾವನೆ
ಜೀವಾಳ – ಮುಖ್ಯವಾದ ಸತ್ತ್ವ
ಗೇಣಿ – ಭೂಮಿಯನ್ನು ಉಳುವವನು ಒಡೆಯನಿಗೆ ಕೊಡುವ ಪಾಲು
ಕೊಳಗ – ಧಾನ್ಯವನ್ನು ಅಳೆಯುವ ಪಾತ್ರೆ
ಕ್ಷೇತ್ರಕಾರ್ಯ – ಜನರ ನಡುವೆ ಇದ್ದು ನಡೆಸುವ ಅಧ್ಯಯನ
ಬೋರಲು – ತಲೆಕೆಳಗಾಗಿ ಇಟ್ಟ ಸ್ಥಿತಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
೧. ಸಾಧಿತ ಅಂತಸ್ತು ಎಂದರೇನು?
೨. ಮೈಸೂರು ವಿಶ್ವವಿದ್ಯಾನಿಲಯದ ಪದವಿ ತರಗತಿಗಳಲ್ಲಿ ಸಮಾಜಶಾಸ್ತ್ರವು ಯಾವ ವರ್ಷ ಸ್ಥಾನ ಪಡೆಯಿತು?
೩. ಕಾಗೋಡಿನ ಸತ್ಯಾಗ್ರಹದಲ್ಲಿ ವಿವಾದದ ಮೂಲವೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಆಯಗಾರ ಪದ್ಧತಿಯು ಕಾರ್ಯಾತ್ಮಕ ದೃಷ್ಟಿಗೂ ಸಂಘರ್ಷ ದೃಷ್ಟಿಗೂ ಹೇಗೆ ಬೇರೆ ಬೇರೆಯಾಗಿ ಕಾಣುತ್ತದೆ?
೨. ನೀರು ಬಂದ ಹಳ್ಳಿಗೂ ಬಾರದ ಹಳ್ಳಿಗೂ ಕಂಡುಬಂದ ವ್ಯತ್ಯಾಸವನ್ನು ವಿವರಿಸಿರಿ.
೩. ‘ಯಾರೂ ಹೇಳಿಕೊಡದ ಪಾಠವನ್ನೇ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ.’ ಈ ಮಾತನ್ನು ನಿಮ್ಮ ಅನುಭವದ ಒಂದು ಉದಾಹರಣೆಯೊಡನೆ ಸಮರ್ಥಿಸಿರಿ.

ಇ. ಮಾಡಿ ನೋಡಿರಿ:
ನಿಮ್ಮ ಬೀದಿಯಲ್ಲಿ ಬೆಳಗಿನ ಒಂದು ಗಂಟೆಯ ಕಾಲ ಕಾಣುವ ಕೆಲಸಗಳನ್ನು ಪಟ್ಟಿ ಮಾಡಿರಿ. ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾರು ಬಾಗಿಲ ಒಳಗೆ ಬರುತ್ತಾರೆ, ಯಾರು ಹೊರಗೇ ನಿಲ್ಲುತ್ತಾರೆ ಎಂಬುದನ್ನು ಗಮನಿಸಿ ಒಂದು ಪುಟ ಬರೆಯಿರಿ. ಯಾರ ಹೆಸರನ್ನೂ ಬರೆಯಬೇಡಿರಿ.